ಟ್ಯಾಬಿತಾಳ ಬಾವಿ

ಬಾಗಿಲು ಒದ್ದು ಒಳನುಗ್ಗಿದಾಗ ಹೈರಮ್‌ನ ಕೈಯಲ್ಲಿ ಪಿಸ್ತೂಲಿತ್ತು, ಬಾಯಲ್ಲಿ ಎಂಜಲೂ ಉಳಿದಿರಲಿಲ್ಲ. ಕುದುರೆ ಸತ್ತಾಗಿನಿಂದ ನಡೆದೇ ಬಂದಿದ್ದ. ಅರಿಜೋನಾದ ಆ ಮರಳುಗಾಡಿನಲ್ಲಿ ಇನ್ನು ಉಳಿದಿದ್ದ ನೀರೆಂದರೆ ಟ್ಯಾಬಿತಾಳ ಬಾವಿ ಮಾತ್ರ. ಬೇರೆ ದಾರಿಯಿದ್ದಿದ್ದರೆ ಅವನು ಈ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ರೈಲು ಬರುವ ಮುಂಚೆ, ಅಂಚೆಗಾಡಿಯ ಕಾವಲಿಗಿದ್ದಾಗ, ಇವಳ ಕೈಯಡುಗೆ ಉಂಡವನು ಅವನು. ಇದೇ ಅಂಗಳದಲ್ಲಿ ಒಂದು ಕುದುರೆಯ ಆಸೆಗೆ ಇವಳ ಗಂಡ ಈಬೆನ್‌ನನ್ನು ಗುಂಡಿಟ್ಟು ಕೊಂದವನೂ ಅವನೇ.

ಆಗ ಗಡ್ಡವಿರಲಿಲ್ಲ. ಈಗ ಗುರುತು ಸಿಗಬಾರದು. ಸಿಕ್ಕರೆ ನೀರಿಲ್ಲ, ನೀರಿಲ್ಲದಿದ್ದರೆ ಹೈರಮ್ಮೂ ಇಲ್ಲ.

ಮುದುಕಿ ಬೆಚ್ಚಲಿಲ್ಲ. ಮಂಚದ ಮೇಲೆ ಒಬ್ಬ ಗಾಡಿಯವನು ಬಿದ್ದಿದ್ದ, ತುಟಿ ಸೀಳಿ ಕರಕಲಾಗಿತ್ತು. ಒದ್ದೆ ಬಟ್ಟೆಯಿಂದ ಅವನ ಬಾಯಿಗೆ ಹನಿಹನಿಯಾಗಿ ಹಿಂಡುತ್ತಿದ್ದಳು.

“ಬೆಳಿಗ್ಗೆ ಮರಳಲ್ಲಿ ಸಿಕ್ದ,” ಎಂದಳು.

ಎಂಥ ಜಿಪುಣಿ, ಎಂದುಕೊಂಡ ಹೈರಮ್. “ನೀರು,” ಎಂದು ಪಿಸ್ತೂಲು ಎತ್ತಿದ.

“ಅದಕ್ಕೆ ಪಿಸ್ತೂಲು ಯಾಕಪ್ಪ? ಬಾಯಾರಿ ಬಂದೋರಿಗೆ ಇಲ್ಲ ಅನ್ನೋ ಮನೆ ಅಲ್ಲ ಇದು.” ತುಂಬಿದ ಬಕೆಟ್ಟನ್ನೇ ತಂದು ಅವನ ಕಾಲ ಬಳಿ ಇಟ್ಟಳು. “ಕುಡಿ, ಹೊಟ್ಟೆ ತುಂಬ.”

ಇಷ್ಟು ಸಲೀಸಾಗಿ ಸಿಕ್ಕಿದ್ದೇ ಅವನಿಗೆ ಗುಮಾನಿ. “ಮೊದ್ಲು ನೀನು ಕುಡಿ, ಅಜ್ಜಿ.”

ಅವಳು ಒಂದು ಲೋಟ ಮೊಗೆದು ಕುಡಿದು ಬಾಯಿ ಒರೆಸಿಕೊಂಡಳು. ಅವನು ಕಣ್ಣು ಮಿಟುಕಿಸದೆ ಕಾದ. ಅವಳಿಗೇನೂ ಆಗಲಿಲ್ಲ. ಬದುಕಿದೆ ಎನ್ನಿಸಿ ಹೈರಮ್‌ಗೆ ಅಳುವೇ ಬಂತು. ಬಕೆಟ್ಟಿಗೇ ಬಾಯಿಟ್ಟ.

ಅರ್ಧ ಖಾಲಿಯಾಗುವಷ್ಟರಲ್ಲಿ ದನಿ ಬಂತು, ಜೊತೆಗೆ ಸೊಕ್ಕೂ ಬಂತು. “ರೈಲು ಬಂದ್ಮೇಲೆ ಈ ದಾರೀಲಿ ನರಪಿಳ್ಳೆ ಇಲ್ಲ. ಊರಿಗೆ ಊರೇ ಹಳಿ ಹಿಂದೆ ಓಡಿಹೋಯ್ತು. ನೀನ್ಯಾಕೆ ಇಲ್ಲೇ ಕೂತಿದೀಯ?”

“ಒಬ್ರು ಬರೋದಿತ್ತು. ನಿಲ್ಲಿಸ್ಬೇಡ, ಕುಡಿ.”

ಅವನು ಕುಡಿದ. ಹೊಟ್ಟೆ ತೊಳಸಿತು. ಕೈಕಾಲು ಅದುರತೊಡಗಿ ಪಿಸ್ತೂಲು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕುಸಿದ.

“ಇನ್ನೊಂದು ಗುಟುಕು, ಹೈರಮ್,” ಎಂದಳು ಮುದುಕಿ. ಅವನು ಹೆಸರು ಹೇಳಿರಲಿಲ್ಲ.

ಮಂಚದ ಮೇಲಿದ್ದವನು ಬಕೆಟ್ಟಿನತ್ತ ಕೈ ಚಾಚಿದ. “ಅಮ್ಮಾ, ನಂಗೂ ಹಾಗೇ ಕೊಡಿ.”

“ಬೇಡ ಮಗಾ. ಒಣಗಿದ ಹೊಟ್ಟೆಗೆ ಒಂದೇ ಸಲ ಅಷ್ಟು ನೀರು ಬಿದ್ರೆ ಜೀವ ನಿಲ್ಲಲ್ಲ,” ಎಂದು ಟ್ಯಾಬಿತಾ ಮತ್ತೆ ಬಟ್ಟೆ ಹಿಂಡಿದಳು. “ನೀನು ಬದುಕ್ಬೇಕು.”