ಪಿಸುದನಿಯ ಆಲ್ಬಮ್

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ?" ಎನ್ನುತ್ತಲೇ ವಿಕಾಸ್ ಒಳಗೆ ಕಾಲಿಟ್ಟ. ಬಾಗಿಲು ತೆರೆದ ಗೂಳಪ್ಪ ತುಟಿಯ ಮೇಲೆ ಬೆರಳಿಟ್ಟು ಕಣ್ಣಿನಲ್ಲೇ ಕೋಣೆ ತೋರಿಸಿದ. ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಆ ಕೋಣೆಯಲ್ಲಿ ಎರಡಂತಸ್ತಿನ ಮೂರು ಮಂಚಗಳು. ಗೂಳಪ್ಪನ ಹಾಸಿಗೆ ಬಿಟ್ಟು ಉಳಿದ ಐದರಲ್ಲೂ ಜನ ಮುಸುಕು ಹೊದ್ದು ಮಲಗಿದ್ದರು. ಶನಿವಾರ ಬೆಳಿಗ್ಗೆ ಹತ್ತು ಗಂಟೆಯಾಗಿತ್ತು, ನಿಜ. ಆದರೆ ಹಮದ್ ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗುವುದೇ ಆಗ.

"ಸಾವಕಾಶ ಮಾತಾಡ್ರಿ," ಎಂದ ಗೂಳಪ್ಪ. "ಮಂದಿ ಮಲಗ್ಯಾರ."

ಸಾವಕಾಶ ಮಾತಾಡಲು ವಿಕಾಸ್ ಬಂದಿರಲೇ ಇಲ್ಲ. ಊರಿನ ಇನ್ನೊಂದು ತುದಿಯ ಅಲ್ ಗರಾಫಾದ ತನ್ನ ಫ್ಲ್ಯಾಟಿನಿಂದ ಇಲ್ಲಿಯವರೆಗೂ ಕಾರಿನಲ್ಲಿ ಒಬ್ಬನೇ ಬೈದುಕೊಂಡು ಬಂದಿದ್ದ. ಬರಬಾರದೇ ಸಿಟ್ಟು? ಹುಬ್ಬಳ್ಳಿಯ 'ಸುಡುಗಾಡು' ಬ್ಯಾಂಡಿನ ಮೊದಲ ಆಲ್ಬಮ್ ಕೇಳಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಕನ್ನಡದಲ್ಲೂ ಮೆಟಲ್ ಸಂಗೀತ ಎದೆ ನಡುಗಿಸಬಲ್ಲದು ಎಂದು ತೋರಿಸಿದ್ದೇ ಈ ಗೂಳಪ್ಪನ ಗಂಟಲು. ಅಬ್ಬಾ, ಹೊಟ್ಟೆಯ ಬುಡದಿಂದ ಎದ್ದು ಬರುತ್ತಿದ್ದ ಆ ಅರಚಾಟ! ಅಂಡರ್‌ಗ್ರೌಂಡ್ ಸಂಗೀತ ಹೇಗಿರಬೇಕು ಎಂದು ಅಂದಿನಿಂದ ವಿಕಾಸ್ ಇಂಟರ್‌ನೆಟ್ಟಿನ ತನ್ನ ಪುಟದಲ್ಲಿ ಬರೆದದ್ದೇ ಬರೆದದ್ದು. ಕೇಳಿದವನಿಗೆ ಹಿತವಾಗಬಾರದು. ಮದುವೆಮನೆಯಲ್ಲಿ ಹಾಕುವಂತಿರಬಾರದು. ಹಾಡುವವನು ಗಂಟಲು ಹರಿದುಕೊಳ್ಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಮನೆಯಲ್ಲಿರಬೇಕು.

ಆರು ವರ್ಷ ಕಾಯಿಸಿ ಬಂದ ಎರಡನೆಯ ಆಲ್ಬಮ್ ಹೇಗಿತ್ತು? ಮೊದಲಿನಿಂದ ಕೊನೆಯವರೆಗೆ ಬರೀ ಪಿಸುಪಿಸು! ಮಾರ್ಕೆಟ್ಟಿಗೆ ಮಾರಿಕೊಂಡರು, ಥೂ, ಎಂದು ವಿಕಾಸ್ ಅವತ್ತೇ ಬರೆದ. ಮುನ್ನೂರು ಜನ ಭೇಷ್ ಎಂದರು. ಕನ್ನಡದಲ್ಲಿ ಇಂಥದ್ದನ್ನು ಕೇಳುವವರೇ ಮುನ್ನೂರು ಜನ. ಆಲ್ಬಮ್ಮಿನ ಕೆಳಗೆ 'ಧ್ವನಿಮುದ್ರಣ: ದೋಹಾ' ಎಂದಿರುವುದನ್ನು ಆಮೇಲೆ ಕಂಡಾಗಲಂತೂ ಉರಿದುಹೋದ. ಕತಾರಿನ ದುಡ್ಡು ಕಂಡು ಮೆತ್ತಗಾಗಿದ್ದಾನೆ ಮನುಷ್ಯ! ವಿಳಾಸ ಕೊಡಿ, ಎದುರಿಗೇ ಮಾತಾಡುತ್ತೇನೆ ಎಂದು ಮೆಸೇಜ್ ಹಾಕಿದ. ಗೂಳಪ್ಪ ಕೊಟ್ಟ.

"ಮೊದಲ್ನೇದ್ರಾಗ ಹೆಂಗ ಒದರಿದ್ರಿ!" ಎಂದು ವಿಕಾಸ್ ಈಗ ಪಿಸುಗುಟ್ಟಿದ. ಸಿಟ್ಟನ್ನು ಪಿಸುಗುಟ್ಟುವುದು ಎಂಥ ಹಿಂಸೆ! ಕುತ್ತಿಗೆಯ ನರಗಳೆಲ್ಲ ಉಬ್ಬಿದವು, ದನಿ ಮಾತ್ರ ಮೂರಡಿ ದಾಟಲಿಲ್ಲ. "ಇದು ಜೋಗುಳ ಅದ ರೀ, ಜೋಗುಳ! ಅದರ ಹಿಂದ ಏನೋ ಮಷೀನ್ ಹಚ್ಚಿ ಗುಂಯ್ ಅನ್ನಿಸೀರಿ. ಯಾರಿಗೆ ತೋರಸಲಿಕ್ಕೆ ಆ ಶೋಕಿ?"

"ಅದು ಏಸಿ ರೀ," ಎಂದ ಗೂಳಪ್ಪ.

ವಿಕಾಸ್ ತಲೆಯೆತ್ತಿ ನೋಡಿದ. ಕಿಟಕಿಯಲ್ಲಿ ಕೂತ ಹಳೆಯ ಏಸಿ ಗುಂಯ್ ಎನ್ನುತ್ತಿತ್ತು. ಅದೇ ಸದ್ದು. ನಡುನಡುವೆ ಟಕ್ ಎನ್ನುವುದೂ ಅದೇ.

"ಬ್ಯಾಂಡ್ ಮುಗದು ನಾಕು ವರ್ಷ ಆತು," ಎಂದ ಗೂಳಪ್ಪ. "ಒಬ್ಬೊಬ್ರು ಒಂದೊಂದು ಕಡೆ ಹ್ವಾದ್ರು. ನಾ ಇಲ್ಲಿಗೆ ಬಂದು ಹಡಗಿನ ಮ್ಯಾಲೆ ಕಂಟೇನರ್ ಬಿಗಿತೀನಿ. ಆದ್ರ ಹಾಡು ತಲೀ ಬಿಡವಲ್ಲವು. ಹನ್ನೆರಡು ತಾಸು ದುಡದು ಬಿದ್ದಕೊಂಡವ್ರ ನಡುವ ಹೆಂಗ ಒದರಲಿ? ಚಾದರ ತಲೀ ಮ್ಯಾಲೆ ಎಳಕೊಂಡು, ಮೊಬೈಲ್ ಬಾಯಿಗೆ ಹಿಡದು ಮಾಡೀನಿ. ಒಬ್ಬರಿಗೂ ಎಚ್ಚರ ಆಗಿಲ್ಲ."

ವಿಕಾಸನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೂ ಬಿಟ್ಟುಕೊಡಲಾಗಲಿಲ್ಲ. "ಊರ ಹೊರಗ ಹೋಗಿ ಒದರಬೇಕಿತ್ತು. ಇಲ್ಲಿ ಮರುಭೂಮಿಗೇನು ಬರಗಾಲ?"

"ಕಾರ್ ಇದ್ದವರಿಗೆ ಇಲ್ಲ ಬಿಡ್ರಿ." ಗೂಳಪ್ಪ ದಿಂಬಿನ ಕೆಳಗಿನಿಂದ ಮೊಬೈಲ್ ತೆಗೆದ. "ಇರಲಿ. ನೀವು ಬರದದ್ದು ಓದೀನಿ. ಖರೇನ ಐತಿ, ಒದರಲಾರದಂವ ಯಾಕ ಹಾಡಬೇಕು? ಇಂಟರ್‌ನೆಟ್ಟಿನಾಗಿಂದ ಆಲ್ಬಮ್ಮೂ ತಗೀತೀನಿ, ಮುಂದಿಂದು ಅರ್ಧ ಮಾಡಿಟ್ಟದ್ದನ್ನೂ ಅಳಸ್ತೀನಿ. ಈ ಊರಾಗ ಕೇಳಾಂವ ಅಂತ ಇದ್ದಾಂವ ನೀವೊಬ್ಬರು. ನಿಮ್ಮೆದುರಿಗೇ ಆಗಲಿ ಅಂತ ಕರದೆ. ಖಲಾಸ್."

ಬೇಡ ಎನ್ನಬೇಕೆಂದು ವಿಕಾಸ್ ಬಾಯಿ ತೆರೆದ. ಅಷ್ಟರಲ್ಲಿ ಮೇಲಿನ ಹಾಸಿಗೆಯಿಂದ ಒಂದು ಕೈ ಇಳಿದು ಗೂಳಪ್ಪನ ಮೊಬೈಲನ್ನು ಕಿತ್ತುಕೊಂಡಿತು. ಬಂಟ್ವಾಳದ ಮಹಮೂದ್, ಬಂದರಿನಲ್ಲಿ ಗೂಳಪ್ಪನ ಜೊತೆಯವನು, ಎದ್ದು ಕೂತಿದ್ದ. ಸಿಟ್ಟಿಗೆ ಮುಖ ಕೆಂಪಾಗಿತ್ತು.

"ಎಂಥ ಅಳಿಸುವುದು? ಕೈ ಮುರಿದು ಹಾಕ್ತೇನೆ!" ಅವನು ಪಿಸುಗುಟ್ಟಲಿಲ್ಲ, ಗಟ್ಟಿಯಾಗಿಯೇ ಕೂಗಿದ. "ಎಚ್ಚರ ಆಗ್ಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು ಗೂಳಪ್ಪಣ್ಣ? ನಾವು ಎದ್ದದ್ದು ಗೊತ್ತಾದ್ರೆ ನೀವು ನಾಚಿಕೊಂಡು ನಿಲ್ಲಿಸಿಬಿಡ್ತೀರಿ ಅಂತ ಹೆಣದ ಹಾಗೆ ಬಿದ್ದುಕೊಳ್ಳುವುದು ನಾವು. ಮಗ್ಗುಲು ಸಹ ಬದಲಿಸುವುದಿಲ್ಲ, ಮಂಚ ಕಿರುಗುಟ್ತದೆ ಅಂತ!"

ಉಳಿದ ನಾಲ್ಕು ಮುಸುಕುಗಳೂ ಒಂದೊಂದಾಗಿ ಸರಿದವು. ಯಾರ ಕಣ್ಣಿನಲ್ಲೂ ನಿದ್ದೆ ಇರಲಿಲ್ಲ. ಗೂಳಪ್ಪ ಒಬ್ಬೊಬ್ಬರನ್ನೇ ನೋಡುತ್ತ ಮಂಚದ ಸರಳು ಹಿಡಿದು ನಿಂತುಬಿಟ್ಟ.

ಮಹಮೂದ್ ವಿಕಾಸನ ಕಡೆ ತಿರುಗಿದ. "ನೀವು ಬರೆದದ್ದು ನಾನೂ ಓದಿದ್ದೇನೆ ಮಾರಾಯ್ರೆ. ಆಲ್ಬಮ್ಮಿನಲ್ಲಿ ತಪ್ಪು ಉಂಟು ಅಂತಾದ್ರೆ ಒಂದೇ ತಪ್ಪು. ಮೂರನೇ ಹಾಡು ಮುಗಿಯುವಾಗ ಒಂದು ಕೆಮ್ಮು ಕೇಳ್ತದೆ. ಅದು ನಂದು. ನಾಲ್ಕು ನಿಮಿಷ ಬಾಯಿಗೆ ದಿಂಬು ಒತ್ತಿ ಹಿಡಿದೆ, ಆಗ್ಲಿಲ್ಲ. ಬೈಯುವುದಿದ್ರೆ ಅದಕ್ಕೆ ಬೈಯಿರಿ."