ಯಮನೂರಪ್ಪನ ಎದೆ

ಪಂಪ್‌ಸೆಟ್ ಮಾರುವ ವಾರಿಜಾ ಮೈಸೂರಿನ ಮನೆಯಲ್ಲಿ ಮಲಗಿರುತ್ತಿದ್ದಳು. ಅವಳ ಮನಸ್ಸು ಮಾತ್ರ ಊರೂರಿಗೆ ಹೋಗಿ, ಅಲ್ಲಿನ ಬಾಡಿಗೆ ಮೈಯನ್ನು ಹೊಕ್ಕು ವ್ಯಾಪಾರ ಮುಗಿಸಿ ಬರುತ್ತಿತ್ತು. ಹನ್ನೆರಡು ವರ್ಷದ ತಿರುಗಾಟದಲ್ಲಿ ಎಲ್ಲ ಊರಿನ ಮೈಗಳ ಗುಣವೂ ಅವಳಿಗೆ ಗೊತ್ತಾಗಿತ್ತು. ಮಂಗಳೂರಿನವು ಮೀನಿಲ್ಲದೆ ಏಳುವುದಿಲ್ಲ, ರಾಯಚೂರಿನವು ಬಿಸಿಲಿಗೆ ಜಗ್ಗುವುದಿಲ್ಲ. ಹುಬ್ಬಳ್ಳಿಗೆ ಬಂದರೆ ಅವಳು ಯಮನೂರಪ್ಪನ ಮೈಯನ್ನೇ ಕೇಳಿ ಪಡೆಯುತ್ತಿದ್ದಳು.

ಇವತ್ತು ಗಿರಾಕಿಯ ಮನೆ ಮೆಟ್ಟಿಲು ಹತ್ತುವಾಗ ಆ ಎದೆಯ ಎಡಭಾಗ ಎರಡು ಸಲ ಹಿಂಡಿತು.

ಮೈ ಹಿಂದಿರುಗಿಸುವ ಕೌಂಟರಿನಲ್ಲಿ ಶಂಕ್ರವ್ವ ಎಂದಿನಂತೆ ಕೇಳಿದಳು. "ಏನರ ತಕರಾರು ಐತೇನ್ರಿ, ಅಕ್ಕಾರ?"

ತಕರಾರು ಬಂದ ಮೈಯನ್ನು ಅಂದೇ ಪಟ್ಟಿಯಿಂದ ತೆಗೆಯುತ್ತಿದ್ದರು. ಯಮನೂರಪ್ಪನ ಮನೆಯ ಒಲೆ ಉರಿಯುತ್ತಿದ್ದುದೇ ಆ ಮೈಯಿಂದ. ಹೇಳದೆ ಹೋದರೆ ನಾಳೆ ಅದನ್ನು ಬಾಡಿಗೆಗೆ ಪಡೆದವರು ಮತ್ತೆ ಮೆಟ್ಟಿಲು ಹತ್ತಿಸುತ್ತಾರೆ. ಬಾಡಿಗೆ ಮುಗಿಯುವ ತನಕ ಮೈಯ ಒಡೆಯ ನಿದ್ದೆಯಲ್ಲಿರುವುದರಿಂದ ನೋವಿನ ಸುದ್ದಿಯೇ ಅವನಿಗೆ ಮುಟ್ಟುವುದಿಲ್ಲ.

"ಹೋದ ಸಲ ಉಗುರು ಉದ್ದ ಅದಾವಂತ ಅರ್ಧಾ ಹಾಳಿ ಬರದವರು ನೀವು. ಇವತ್ತೇನ್ ಬರೀತೀರಿ?"

ಎದೆ ಮತ್ತೆ ಹಿಂಡಿತು. ವಾರಿಜಾ ಮೇಜು ಹಿಡಿದು ನಿಂತಳು.

"ಇನ್ನೊಂದು ಗಂಟೆ ಈ ಮೈ ನನ್ನ ಹತ್ರಾನೇ ಇರ್ಲಿ ಕಣಮ್ಮ" ಎಂದು ಮೆಲ್ಲಗೆ ಹೊರಗೆ ನಡೆದಳು.

ಎದುರಿನ ಆಸ್ಪತ್ರೆಯ ನರ್ಸ್ ಬೆವೆತ ಮುಖ ನೋಡಿ ಕುರ್ಚಿ ಎಳೆದಳು. "ಕುಂಡ್ರಿ ಯಜಮಾನ್ರ. ನಿಮ್ಮ ಜೋಡಿ ಯಾರ್ ಬಂದಾರ?"

"ನಾನು ಬಂದಿದೀನಿ" ಎಂದಳು ವಾರಿಜಾ, ಯಮನೂರಪ್ಪನ ದಪ್ಪ ದನಿಯಲ್ಲಿ. "ಇವರು ಮಲಗಿದಾರೆ, ಎಬ್ಬಿಸಬೇಡಿ. ನೋವು ಎಲ್ಲಿ ಅಂತ ನಾನು ಹೇಳ್ತೀನಿ."