ಕಾಕಾನ ಸೈಕಲ್ಲಿನ ಚೈನು

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆಗೆ ಇಂದಿಗೂ ಬೆಟಗೇರಿಯ ನಮ್ಮ ಅಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಏಕೀಕರಣದ ಸಂಭ್ರಮಕ್ಕೆ ಓಣಿಯಲ್ಲಿ ಕಟ್ಟಿದ್ದ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ತೀರಿಕೊಂಡ ಮೇಲೆ ಅವರ ಮಗಳು ಶಾಂತಾ ಮುಂಡರಗಿಯಿಂದ ನಮ್ಮ ಮನೆಗೆ ಬಂದಿದ್ದಳು. ನನ್ನದೇ ವಯಸ್ಸು. ಅವಳೊಂದಿಗೆ ಕಾಕಾನ ಸೈಕಲ್ಲೂ ಬಂದಿತ್ತು. ಅವಳು ಕಲಿಯಲೆಂದು ತುಳಿದಾಗಲೆಲ್ಲ ಹಿಂದಿನ ಹಲ್ಲುಚಕ್ರದಿಂದ ಚೈನು ಜಾರಿ ಬೀಳುತ್ತಿತ್ತು. ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಖುಷಿ.

ಅಂದು ಅಪ್ಪ ಧೋತರ ಮೇಲೆ ಕಟ್ಟಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. ಶಾಂತಾ ಪೆಡಲ್ ತಿರುಗಿಸಿದಳು. ಅಪ್ಪ ಬಗ್ಗಿ ನೋಡಿದರು.

“ಚೈನಿಂದು ತಪ್ಪಿಲ್ಲವ್ವಾ. ಹಿಂದಿನ ಗಾಲಿ ಸೊಟ್ಟ ಕುಂತೈತಿ, ನೋಡಿಲ್ಲೆ.”

ನಟ್ಟು ಸಡಿಲಿಸಿ, ಗಾಲಿಯನ್ನು ನೇರವಾಗಿ ಹಿಂದಕ್ಕೆಳೆದು ಬಿಗಿದರು. ಎಣ್ಣೆ ಬಿಟ್ಟರು. ಚೈನು ಎಷ್ಟು ಬಿಗಿಯಿರಬೇಕೆಂದು ಶಾಂತಾಳ ಬೆರಳು ಹಿಡಿದು ಒತ್ತಿಸಿ ತೋರಿಸಿದರು. ನನ್ನ ಬೆರಳನ್ನು ಎಂದೂ ಹಾಗೆ ಹಿಡಿದಿರಲಿಲ್ಲ.

“ನಾನೂ ಮುಟ್ಲೇನಪ್ಪಾ?” ಎಂದೆ.

“ಕೈ ಹೊಲಸಾಗ್ತಾವು, ನೀ ದೂರ ನಿಲ್ಲು.”

ಶಾಂತಾಳ ಕೈ ಮಣಿಕಟ್ಟಿನವರೆಗೂ ಕಪ್ಪಾಗಿತ್ತು.

ಒಳಗೆ ಹೋಗಿ ಅವ್ವನಿಗೆ ದೂರು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಪ್ಪಗ ಸೈಕಲ್ ಹೊಡಿಯಾಕ ಕಲಿಸಿದಾಂವ ನಿಮ್ಮ ಕಾಕಾ. ಇದ ಗಾಡಿ ಮ್ಯಾಲ,” ಎಂದಳು.

ಹೊರಗೆ ಬಂದಾಗ ಶಾಂತಾ ಓಣಿಯಲ್ಲಿ ಸೈಕಲ್ ತುಳಿಯುತ್ತಿದ್ದಳು. ಚೈನು ಬೀಳಲಿ ಎಂದು ಬೇಡಿಕೊಂಡೆ. ಬೀಳಲಿಲ್ಲ. ಅಪ್ಪ ಸೀಟು ಹಿಡಿದು ಹಿಂದೆ ಓಡುತ್ತ, “ತುಳಿಯೋ ತಮ್ಮಾ, ತುಳಿ!” ಎಂದು ಕೂಗುತ್ತಿದ್ದರು.

ಹುಡುಗಿಗೆ ತಮ್ಮಾ ಅನ್ನುತ್ತಾರಲ್ಲ ಎಂದು ನಾನು ಅವಳಿಗೆ ಕೇಳುವಂತೆ ಜೋರಾಗಿ ನಕ್ಕೆ. ಬಾಗಿಲಿಗೆ ಬಂದು ನಿಂತಿದ್ದ ಅವ್ವ ನಗಲಿಲ್ಲ.